ಮರಮ್ಮನ ಹೆಸರಿನ ಠೇವಣಿ

ಕೃಷ್ಣರಾಜನಗರದ ಬಲದಂಡೆ ಸಹಕಾರ ಬ್ಯಾಂಕು ಮುಳುಗುತ್ತಿದೆ ಅನ್ನುವುದು ಅದರ ಮ್ಯಾನೇಜರ್ ಸಂಘಮಿತ್ರಳಿಗೆ ಖಾತ್ರಿಯಾದದ್ದು ಒಂದು ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ. ಅಧ್ಯಕ್ಷ ಧರ್ಮೇಂದ್ರನ ಮನೆಯ ಡ್ರೈವರು ಬಂದು ಏಳು ಠೇವಣಿ ಬಾಂಡುಗಳನ್ನು ಮೇಜಿನ ಮೇಲಿಟ್ಟ. ಅಧ್ಯಕ್ಷನ ಹೆಂಡತಿಯದು, ತಾಯಿಯದು, ಮಕ್ಕಳದು, ಸೊಸೆಯದು, ಒಂದೂ ಬಿಟ್ಟಿರಲಿಲ್ಲ. ಒಂದರದ್ದೂ ಅವಧಿ ಮುಗಿದಿರಲಿಲ್ಲ. ‘ಎಲ್ಲಾನೂ ಇವತ್ತೇ ಮುರೀಬೇಕಂತೆ ಮೇಡಮ್ಮಾರೆ, ಯಜಮಾನ್ರು ಹೇಳವ್ರೆ’ ಅಂದ.

ಸಂಘಮಿತ್ರ ಫೋನು ಹಚ್ಚಿದಳು. ಧರ್ಮೇಂದ್ರ ಮುಚ್ಚುಮರೆ ಏನೂ ಮಾಡಲಿಲ್ಲ, ಅದೊಂದು ದೊಡ್ಡಸ್ತಿಕೆ ಅನ್ನಬೇಕು.

‘ಸೋಮವಾರ ಆರ್ಡರ್ ಬತ್ತದೆ ಕಣಮ್ಮ. ರಿಸರ್ವ್ ಬ್ಯಾಂಕಿನೋರು ನಮ್ ಕೈ ಕಟ್ತಾರೆ. ಆಮೇಲೆ ಯಾರ್ಗೂ ಒಂದು ರೂಪಾಯಿ ಕೊಡಂಗಿಲ್ಲ. ನೀನು ಬಾಯ್ ಬುಟ್ಟೆ ಅಂದ್ರೆ ನಾಳೆನೇ ಜನ ಬಂದು ಬಾಗ್ಲು ಮುರೀತಾರೆ. ಆಗ ಮಿಲ್ ಸಾಲದ ಫೈಲ್ ಮೇಲೆ ಯಾರ್ ಸೈನ್ ಐತೆ ಅಂತ ಒಸಿ ನೆಪ್ಪು ಮಾಡ್ಕೊ.’

ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತಾರಲ್ಲ, ಅದು ಇದೇ. ಆದರೆ ಬೇಲಿ ಮೇಯುವಾಗ ಗೇಟು ತೆಗೆದುಕೊಟ್ಟವಳು ಸಂಘಮಿತ್ರ. ಅದನ್ನೂ ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ.

ಅವಳ ಅವ್ವ ಮರಮ್ಮ ಮೂವತ್ತೊಂದು ವರ್ಷ ಇದೇ ಪಟ್ಟಣದ ಬೀದಿ ಗುಡಿಸಿದವಳು. ಮಗಳು ಬಿ.ಕಾಂ. ಓದಿದಳು. ಓದಿ ಸಿಕ್ಕಿದ್ದು ಪಿಗ್ಮಿ ಕೆಲಸ. ಮನೆಮನೆಗೆ ಹೋಗಿ ದಿನಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟಿಸಿಕೊಂಡು ಬ್ಯಾಂಕಿಗೆ ತಂದು ಹಾಕುವುದು. ಹನ್ನೊಂದು ವರ್ಷ ಹೆಗಲಿಗೆ ಚೀಲ, ಕೈಯಲ್ಲಿ ಚೀಟಿ ಕೊಡುವ ಮಿಷನ್ನು. ಬಿಸಿಲಿಗೂ ಸೈ, ಮಳೆಗೂ ಸೈ. ಜನ ಅವಳ ಮುಖ ನೋಡಿ ದುಡ್ಡು ಕೊಟ್ಟರು, ಬ್ಯಾಂಕಿನ ಬೋರ್ಡು ನೋಡಿ ಅಲ್ಲ. ಆಮೇಲೆ ಗುಮಾಸ್ತೆಯಾದಳು. ನಾಲ್ಕು ವರ್ಷದ ಹಿಂದೆ, ಇಬ್ಬರು ಹಿರಿಯರನ್ನು ಬದಿಗೆ ಸರಿಸಿ, ಧರ್ಮೇಂದ್ರ ಅವಳನ್ನೇ ಮ್ಯಾನೇಜರ್ ಮಾಡಿದ. ಬೀದಿಯವರೆಲ್ಲ ಸೇರಿ ಮೈಸೂರು ಪಾಕು ಹಂಚಿದರು. ಮರಮ್ಮ ಅವತ್ತು ಬ್ಯಾಂಕಿನೊಳಗೆ ಬಂದು, ಮಗಳ ಕುರ್ಚಿಯನ್ನು ಒಂದು ಸಲ ಮುಟ್ಟಿ ನೋಡಿ, ಹೊರಟುಹೋದಳು.

ಯಾಕೆ ನನ್ನನ್ನೇ ಮಾಡಿದರು ಅಂತ ಅವಳು ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಧರ್ಮೇಂದ್ರನ ಭಾಮೈದನದ್ದು ಒಂದು ಅಕ್ಕಿ ಗಿರಣಿ. ಅದಕ್ಕೆ ಬ್ಯಾಂಕು ಕೊಟ್ಟ ಸಾಲ ತೀರಲೇ ಇಲ್ಲ. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಹೊಸದೊಂದು ಸಾಲ ಬರೆದು, ಆ ದುಡ್ಡಿನಲ್ಲೇ ಹಳೆಯದು ತೀರಿತು ಅಂತ ತೋರಿಸುವುದು. ಅದಕ್ಕೊಂದು ಸೈನು ಬೇಕಲ್ಲ? ಮೊದಲ ವರ್ಷ ಅವಳಿಗೆ ಗೊತ್ತಾಗಲಿಲ್ಲ, ಒಪ್ಪೋಣ. ಎರಡನೇ ವರ್ಷ ಗೊತ್ತಿತ್ತು. ಮೂರನೇ ವರ್ಷ ಫೈಲನ್ನು ಸಂಜೆಯವರೆಗೆ ಮೇಜಿನ ಮೇಲೇ ಬಿಟ್ಟಳು, ಕಡೆಗೆ ಹಾಕಿದಳು. ಕುರ್ಚಿ ಬಿಡಲು ಮನಸ್ಸು ಬರಲಿಲ್ಲ. ಅವ್ವ ಮುಟ್ಟಿ ನೋಡಿದ ಕುರ್ಚಿ ಅದು.

ಆ ಶುಕ್ರವಾರವೂ ಹಾಕಿದಳು. ಏಳು ಬಾಂಡು, ಏಳು ಸೈನು. ಡ್ರೈವರು ಹೋದ ಮೇಲೆ ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟು, ಬೀರುವಿನ ತಳದಿಂದ ಒಂದು ನೂರು ಪುಟದ ನೋಟ್ ಬುಕ್ ತೆಗೆದಳು. ಅದರಲ್ಲಿ ನಲವತ್ತೊಂದು ಹೆಂಗಸರ ಹೆಸರಿತ್ತು.

ಈ ನಲವತ್ತೊಂದು ಜನ ಅವಳ ಬೀದಿಯವರು, ಹೊಸ ಅಗ್ರಹಾರದ ಕಡೆಯ ಗದ್ದೆ ಕೆಲಸದವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು. ಪಿಗ್ಮಿ ಕಟ್ಟುತ್ತಿದ್ದರು, ಆದರೆ ಪಾಸ್ ಬುಕ್ ಕೊಟ್ಟರೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ‘ನಿನ್ನತ್ರನೇ ಇರ್ಲಿ ಬುಡವ್ವ. ಮನೇಲಿ ಮಡಗಿದ್ರೆ ನಮ್ಮೋನು ಅಕ್ಕಿ ಡಬ್ಬ ಆದ್ರೂ ಮಗುಚಿ ಹುಡುಕ್ತಾನೆ.’ ಗಂಡನಿಗೆ ಗೊತ್ತಿಲ್ಲದ ದುಡ್ಡು ಅದು. ಮಗಳ ಫೀಸಿಗೆ, ಕಣ್ಣಿನ ಆಪರೇಷನ್ನಿಗೆ, ಇಲ್ಲವೆ ಸುಮ್ಮನೆ ಒಂದು ಧೈರ್ಯಕ್ಕೆ. ಪಾಸ್ ಬುಕ್ ರಾಶಿ ಬಿದ್ದು, ಒಂದು ದಿನ ಸಂಘಮಿತ್ರಳಿಗೇ ಒಂದು ಉಪಾಯ ಹೊಳೆಯಿತು. ಹಿರಿಯ ನಾಗರಿಕರ ಠೇವಣಿಗೆ ಬ್ಯಾಂಕು ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತದೆ. ಎಲ್ಲರ ದುಡ್ಡನ್ನೂ ಸೇರಿಸಿ ಅವ್ವನ ಹೆಸರಲ್ಲಿ ಒಂದೇ ಠೇವಣಿ ಮಾಡಿದರೆ? ಬಡ್ಡಿಗೆ ಬಡ್ಡಿಯೂ ಬಂತು, ಗುಟ್ಟಿಗೆ ಗುಟ್ಟೂ ಉಳಿಯಿತು. ಯಾರದೆಷ್ಟು ಅನ್ನುವುದು ನೋಟ್ ಬುಕ್ಕಿನಲ್ಲಿದೆ. ಹೆಂಗಸರು ಕೇಳಿ ನಕ್ಕರು. ‘ಮರಮ್ಮ ಈಗ ಸಾವ್ಕಾರ್ತಿ ಕಣ್ರೇ!’

ಹೆಂಗಸರದು ಹನ್ನೊಂದೂವರೆ ಲಕ್ಷ. ಮರಮ್ಮನ ಸ್ವಂತದ್ದು, ನಿವೃತ್ತಿಯಾದಾಗ ಬಂದದ್ದು, ಎರಡೂವರೆ ಲಕ್ಷ. ಒಟ್ಟು ಹದಿನಾಲ್ಕು ಲಕ್ಷ, ಒಂದೇ ಹೆಸರಲ್ಲಿ.

ಬ್ಯಾಂಕು ಮುಳುಗಿದರೆ ಠೇವಣಿಗೆ ವಿಮೆಯಿದೆ. ಒಂದು ಹೆಸರಿಗೆ ಐದು ಲಕ್ಷದವರೆಗೆ. ಊರಿನ ಉಳಿದವರದು ಹೆಚ್ಚುಪಾಲು ಅವರವರ ಹೆಸರಲ್ಲೇ ಇತ್ತು, ಐದು ಲಕ್ಷದೊಳಗೇ ಇತ್ತು. ತಡವಾದರೂ ಅವರಿಗೆ ಬರುತ್ತದೆ. ಮುಳುಗುವುದು ಇವಳನ್ನು ನಂಬಿದ ನಲವತ್ತೊಂದು ಜನ ಮಾತ್ರ. ಒಂಬತ್ತು ಲಕ್ಷ ನೀರಿಗೆ ಹಾಕಿದ ಹಾಗೆ. ಅಕೌಂಟೆಂಟ್ ಮಾದೇಶ್ ಎರಡು ವರ್ಷದ ಹಿಂದೆಯೇ ಹೇಳಿದ್ದ: ‘ಅಕ್ಕ, ಬೇರೆ ಬೇರೆ ಹೆಸ್ರಿಗೆ ಮಾಡ್ಬುಡಿ.’ ಆದರೆ ಹೊಸ ಖಾತೆಗೆ ಕಂಪ್ಯೂಟರು ಹೆಬ್ಬೆಟ್ಟಿನ ಜೊತೆಗೆ, ಫೋನಿಗೆ ಬರುವ ಆಧಾರಿನ ಒಟಿಪಿಯನ್ನೂ ಕೇಳುತ್ತದೆ. ಆಧಾರಿಗೆ ಜೋಡಿಸಿದ ಫೋನ್ ನಂಬರು ಗಂಡನದು. ಫೋನು ಇರುವುದೂ ಗಂಡನ ಜೇಬಿನಲ್ಲಿ. ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ಅದು ಹಾಗೇ ಉಳಿದಿತ್ತು.

ಸಂಜೆ ಮನೆಗೆ ಹೋಗಿ ಅವ್ವನ ಎದುರು ಕೂತು ಎಲ್ಲ ಹೇಳಿದಳು. ಮರಮ್ಮ ಎಲೆ ಮಡಿಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

‘ಆ ದುಡ್ಡೆಲ್ಲ ನಾಳೆನೇ ಈಚೆ ತಗುಬುಡು’ ಅಂದಳು.

‘ಧರ್ಮೇಂದ್ರ ತಗಂಡಂಗೇನವ್ವ?’

ಮರಮ್ಮ ಎಲೆಯನ್ನು ತಟ್ಟೆಗೆ ವಾಪಸ್ಸಿಟ್ಟಳು.

‘ತಿಜೋರೀಲಿ ಒಂಬತ್ತು ಲಕ್ಷನೂ ಇಲ್ಲ ಈಗ. ನಾನು ಅದನ್ನೂ ಬಳ್ಕೊಂಡ್ರೆ ನಾಳೆ ಆಸ್ಪತ್ರೆಗೆ ಅಂತ ಬಂದೋರಿಗೆ ಏನು ಕೊಡ್ಲಿ? ದುಡ್ಡು ಬ್ಯಾಂಕಲ್ಲೇ ಇರ್ಲಿ. ಹೆಸ್ರು ಮಾತ್ರ ಬೇರೆ ಮಾಡ್ತೀನಿ. ಅವರವರ ಹೆಸ್ರಿಗೆ ಹಾಕ್ಬುಟ್ರೆ ಎಲ್ರಿಗೂ ಪೂರ್ತಿ ವಿಮೆ ಬತ್ತದೆ. ನಾಳೆ ನಾಲ್ಕು ಗಂಟೆಗಂಟ ಟೈಮ್ ಐತೆ.’

‘ಹಂಗಾರೆ ನಂದು ಕಡೇಲಿ ನೋಡು’ ಅಂದಳು ಮರಮ್ಮ. ಮಗಳು ಬ್ಯಾಂಕಿನಿಂದ ತಂದಿದ್ದ, ಹೆಬ್ಬೆಟ್ಟು ಒತ್ತಬೇಕಾದ ಕಾಗದಗಳನ್ನೆಲ್ಲ ಮುಂದಕ್ಕೆ ಎಳೆದುಕೊಂಡಳು.

ಶನಿವಾರ, ತಿಂಗಳ ಮೂರನೆಯದು, ಬ್ಯಾಂಕಿಗೆ ರಜೆಯಿರಲಿಲ್ಲ. ಬೆಳಗ್ಗೆ ಏಳಕ್ಕೇ ಸಂಘಮಿತ್ರ ಬೀದಿ ಸುತ್ತಿದಳು. ಹನ್ನೊಂದು ವರ್ಷ ಪಿಗ್ಮಿಗೆ ತಟ್ಟಿದ ಬಾಗಿಲುಗಳನ್ನೇ ಮತ್ತೆ ತಟ್ಟಿದಳು. ‘ಹೊಸ ರೂಲು ಬಂದದೆ, ಆಧಾರ್ ತಗಂಡು ಬ್ಯಾಂಕಿಗೆ ಬನ್ನಿ’ ಅಂದಳೇ ಹೊರತು ನಿಜ ಹೇಳಲಿಲ್ಲ. ಹೇಳಿದರೆ ಹತ್ತು ಗಂಟೆಯೊಳಗೆ ಊರೇ ಬ್ಯಾಂಕಿನ ಮುಂದೆ ಇರುತ್ತಿತ್ತು. ಮೊದಲು ಕರೆದದ್ದು ಚಿಕ್ಕಸಿದ್ದಮ್ಮನನ್ನು. ಪಕ್ಕದ ಮನೆಯವಳು, ಮರಮ್ಮ ಮುಂಜಾನೆ ಗುಡಿಸಲು ಹೋದಾಗ ಪುಟ್ಟ ಸಂಘಮಿತ್ರಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಆರು ವರ್ಷದಲ್ಲಿ ಅವಳು ಕೂಡಿಸಿದ್ದು ಎಂಬತ್ತನಾಲ್ಕು ಸಾವಿರ. ಮಗಳು ಅನುಶ್ರೀಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀಸು ಕಟ್ಟಲು ಇನ್ನು ಮೂರೂವರೆ ತಿಂಗಳಿತ್ತು.

ಒಟಿಪಿಗೆ ದಾರಿ ಹೆಂಗಸರೇ ಹುಡುಕಿದರು. ರೇಷನ್ ಕಾರ್ಡು! ರೇಷನ್ ಕಾರ್ಡಿಗೆ ಅಂದರೆ ಯಾವ ಗಂಡಸೂ ಮರುಮಾತಾಡುವುದಿಲ್ಲ. ಚಿಕ್ಕಸಿದ್ದಮ್ಮ ಸಂಘಮಿತ್ರಳ ಫೋನಿನಿಂದಲೇ ಗಂಡ ಚಾಮಯ್ಯನಿಗೆ ಮಾಡಿದಳು. ಅವನು ಆ ಅಕ್ಕಿ ಗಿರಣಿಯಲ್ಲೇ ಹಮಾಲಿ.

‘ಊಂ, ನಾನು. ರೇಷನ್ ಕಾರ್ಡ್ ನಂಬ್ರ ಬತ್ತದಂತೆ ನಿನ್ ಫೋನ್ಗೆ. ಆ ರೈಟ್ರು ಕೈಲಿ ಓದಿಸಿ ಹೇಳು. ಇಲ್ದಿದ್ರೆ ಮುಂದಿನ ತಿಂಗ್ಳು ಅಕ್ಕಿ ಕಟ್ಟಾಯ್ತದಂತೆ ಕಣಪ್ಪ!’

ಆ ಕಡೆಯಿಂದ ಗಿರಣಿಯ ಗುಮಾಸ್ತ ಆರು ಅಂಕಿ ಓದಿದ. ಮಾದೇಶ್ ಒತ್ತಿದ. ಖಾತೆ ತೆರೆಯಿತು. ಚಿಕ್ಕಸಿದ್ದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ‘ಥೂ, ಎಂಥಾ ಸುಳ್ಳು ಹೇಳಿಸ್ಬುಟ್ಟೆ ನನ್ ಕೈಲಿ!’

ಹೀಗೇ ಒಬ್ಬೊಬ್ಬರು. ಒಬ್ಬಳ ಗಂಡ ಫೋನೆತ್ತಲಿಲ್ಲ, ಒಬ್ಬಳದು ಸಿಗ್ನಲ್ ಇಲ್ಲ, ಒಬ್ಬಳ ಹೆಬ್ಬೆಟ್ಟು ಸವೆದುಹೋಗಿ ಮಿಷನ್ನಿಗೆ ಹಿಡಿಯಲೇ ಇಲ್ಲ. ಮಾದೇಶನಿಗೆ ಬೆವರು ಕಿತ್ತುಕೊಂಡಿತ್ತು. ಯಾಕೆ ಇಷ್ಟು ಅವಸರ ಅಂತ ಅವನು ಕೇಳಲಿಲ್ಲ. ಬ್ಯಾಂಕಿನಲ್ಲಿ ಒಂಬತ್ತು ವರ್ಷ ಇದ್ದವನಿಗೆ ಕೇಳಬೇಕಾಗಿಯೂ ಇರಲಿಲ್ಲ. ಒಂದೂವರೆ ಹೊತ್ತಿಗೆ ಹದಿನೇಳು ಖಾತೆ ಆಗಿತ್ತು. ಹದಿನೇಳು ಜನರ ಐದು ಲಕ್ಷ ಮರಮ್ಮನ ಹೆಸರಿಂದ ಬಿಡಿಸಿ ಅವರವರ ಹೆಸರಿಗೆ ಬಿದ್ದಿತ್ತು. ಇನ್ನು ಇಪ್ಪತ್ತನಾಲ್ಕು. ಇದೇ ಓಟದಲ್ಲಿ ಹೋದರೆ ಮುಗಿಯುತ್ತದೆ, ಮುಗಿದೇ ಮುಗಿಯುತ್ತದೆ ಅಂತ ಸಂಘಮಿತ್ರ ನಿನ್ನೆಯಿಂದ ಮೊದಲ ಸಲ ನೆಮ್ಮದಿಯಾಗಿ ಒಂದು ಲೋಟ ನೀರು ಕುಡಿದಳು.

ಆಗ ಹೊರಗಡೆ ಕೂಗಾಟ ಕೇಳಿಸಿತು.

ಚಾಮಯ್ಯ. ಮೈತುಂಬ ತೌಡಿನ ಧೂಳು, ಕೈಯಲ್ಲಿ ಫೋನು. ಬ್ಯಾಂಕಿನ ಮೆಟ್ಟಿಲ ಮೇಲೇ, ಉಳಿದವರಿಗೆ ಜೊತೆಯಾಗಿ ನಿಂತಿದ್ದ ಹೆಂಡತಿಯ ತೋಳು ಹಿಡಿದಿದ್ದ.

‘ಏನಮ್ಮೀ ಇದು? ಎಂಬತ್ನಾಲ್ಕು ಸಾವ್ರ ಜಮಾ ಆಗದೆ ಅಂತ ರೈಟ್ರು ಓದ್ದ! ಗಿರಣೀಲಿ ಎಲ್ರ ಮುಂದೆ ಓದ್ದ! ರೇಷನ್ ಕಾರ್ಡಲ್ಲಿ ದುಡ್ಡು ಬತ್ತದಾ? ಎಷ್ಟು ವರ್ಷದಿಂದ ನನ್ ಕಣ್ಗೆ ಮಣ್ಣೆರಚ್ಕೊಂಡು ಕುಂತಿದ್ದೀಯಾ?’

ಸಂಘಮಿತ್ರಳಿಗೆ ಆಗ ಹೊಳೆಯಿತು. ಮೆಸೇಜು! ಜಮಾ ಆದ ಮೆಸೇಜು! ಆಧಾರಿನಿಂದ ಬಂದ ಫೋನ್ ನಂಬರನ್ನು ಕಂಪ್ಯೂಟರು ತಾನಾಗಿಯೇ ಖಾತೆಗೂ ಹಾಕಿಕೊಂಡಿತ್ತು. ಅದನ್ನು ಅಳಿಸಬೇಕಿತ್ತು. ಒಂದು ಗುಂಡಿ ಒತ್ತುವ ಕೆಲಸ. ದಿನಾ ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸ. ಅವಸರದಲ್ಲಿ ಅವಳಿಗೂ ಹೊಳೆಯಲಿಲ್ಲ, ಮಾದೇಶನಿಗೂ ಹೊಳೆಯಲಿಲ್ಲ. ಬೆಳಗಿನಿಂದ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿದ್ದ ಮೆಸೇಜುಗಳು ಸ್ವಲ್ಪ ಹೊತ್ತಿಗೆ ಮುಂಚೆ ಒಟ್ಟಿಗೇ ಹೊರಟಿದ್ದವು. ಹದಿನೇಳು ಗಂಡಸರ ಜೇಬಿನಲ್ಲಿ ಹದಿನೇಳು ಸಲ ಗಂಟೆ ಬಾರಿಸಿತ್ತು.

‘ಚಾಮಣ್ಣ, ಕೈ ಬುಡಿ. ತಪ್ಪು ನಂದು’ ಅಂತ ಸಂಘಮಿತ್ರ ಓಡಿದಳು.

‘ನೀವು ಸುಮ್ಕಿರಿ ಮೇಡಮ್. ಗಂಡ ಹೆಂಡ್ರ ಮಧ್ಯಕ್ಕೆ ಬ್ಯಾಂಕ್ ಮಡೀಕಂಡಿದ್ದೀರಲ್ಲ, ನಾಚ್ಕೆ ಆಗಾಕಿಲ್ವ?’

ಚಿಕ್ಕಸಿದ್ದಮ್ಮ ಗಂಡನ ಹಿಂದೆ ಇಳಿದು ಹೋದಳು. ಹೋಗುವಾಗ ಒಂದು ಸಲ ತಿರುಗಿ ನೋಡಿದಳು, ಅಷ್ಟೇ.

‘ಇನ್ಮೇಲೆ ನಂಬರ್ ಅಳಿಸೇ ಮಾಡ್ತೀವಿ. ಯಾರ್ಗೂ ಮೆಸೇಜ್ ಹೋಗಲ್ಲ’ ಅಂದಳು ಸಂಘಮಿತ್ರ ಒಳಗೆ ಬಂದು. ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರು ಎದ್ದು ನಿಂತಿದ್ದರು. ಎಲ್ಲರಿಗೂ ಮುಂದೆ ವೀರಮ್ಮ, ಹೋಟೆಲಿನಲ್ಲಿ ತಟ್ಟೆ ತೊಳೆಯುವವಳು. ಅವಳದು ಮೂವತ್ತೊಂಬತ್ತು ಸಾವಿರ.

‘ಒಟಿಪಿ ಕೇಳ್ಬೇಕಲ್ಲವ್ವ ಈಗ್ಲೂ?’ ಅಂದಳು ವೀರಮ್ಮ. ‘ಚಾಮಯ್ಯ ಇಷ್ಟೊತ್ಗೆ ಊರಿಗೆಲ್ಲ ಸಾರಿರ್ತಾನೆ. ನಾನು ರೇಷನ್ ಕಾರ್ಡ್ ಅಂದ್ರೆ ನನ್ ಗಂಡ ನಂಬ್ತಾನಾ?’

‘ಅಕ್ಕ, ಕೈ ಮುಗೀತೀನಿ. ಇವತ್ತೇ ಆಗ್ಬೇಕು’ ಅಂದಳು ಸಂಘಮಿತ್ರ.

‘ಯಾಕೆ ಇವತ್ತೇ?’

ಕೌಂಟರಿನಲ್ಲಿ ಆರೆಂಟು ಜನ ಬೇರೆ ಗಿರಾಕಿಗಳಿದ್ದರು. ಒಬ್ಬ ತಂಬಾಕಿನ ದುಡ್ಡು ತೆಗೆಯಲು ಗಾವಡಗೆರೆಯಿಂದ ಬಂದವನು, ಇತ್ತಲೇ ಕಿವಿ ಕೊಟ್ಟು ನಿಂತಿದ್ದ. ಹೇಳಿದರೆ ಬ್ಯಾಂಕು ಈಗಲೇ ಬೀಳುತ್ತದೆ, ಹೇಳದಿದ್ದರೆ ಇವರು ಬೀಳುತ್ತಾರೆ. ಅತ್ತ ದರಿ ಇತ್ತ ಪುಲಿ. ಸಂಘಮಿತ್ರಳ ಕಣ್ಣಲ್ಲಿ ನೀರು ತುಂಬಿತು. ಮ್ಯಾನೇಜರ್ ಆದಮೇಲೆ ಬ್ಯಾಂಕಿನೊಳಗೆ ಅವಳು ಅತ್ತದ್ದು ಅದೊಂದೇ ಸಲ.

ವೀರಮ್ಮ ಅವಳ ಮುಖ ನೋಡಿದಳು. ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದಳು. ‘ಮುಳುಗ್ತಾ ಐತಾ?’

ಸಂಘಮಿತ್ರ ಕಣ್ಣೊರೆಸಿಕೊಂಡಳು.

‘ನಿನ್ ಮೊಕನೇ ಹೇಳ್ತದೆ ಬುಡು. ಬ್ಯಾಂಕೇ ತಿನ್ಲಿ ಕಣವ್ವ. ಅವ್ನ ಕೈಗೆ ಹೋಗೋದ್ಕಿಂತ ಬ್ಯಾಂಕೇ ತಿನ್ಲಿ.’

ಆಧಾರ್ ಕಾರ್ಡನ್ನು ರವಿಕೆಯೊಳಗೆ ಸೇರಿಸಿಕೊಂಡು ವೀರಮ್ಮ ಹೊರಟಳು. ಅವಳ ಹಿಂದೆ ಒಬ್ಬಳು, ಆಮೇಲೆ ಇಬ್ಬರು, ಆಮೇಲೆ ಎಲ್ಲರೂ. ನಾಲ್ಕು ಗಂಟೆಗೆ ಮಾದೇಶ್ ಕಂಪ್ಯೂಟರ್ ಆರಿಸಿದಾಗ ಮರಮ್ಮನ ಹೆಸರಲ್ಲಿ ಇನ್ನೂ ಒಂಬತ್ತು ಲಕ್ಷವಿತ್ತು. ಇಪ್ಪತ್ತನಾಲ್ಕು ಜನರ ಆರೂವರೆ, ಅವಳ ಸ್ವಂತದ್ದು ಎರಡೂವರೆ. ಕೊನೆಯಲ್ಲಿ ನೋಡು ಅಂದಿದ್ದಳಲ್ಲ, ಆ ಕೊನೆ ಬರಲೇ ಇಲ್ಲ.

ಸೋಮವಾರ ಆದೇಶ ಬಂತು. ಬಾಗಿಲಿಗೆ ನೋಟಿಸು ಅಂಟಿಸುವಾಗ ಸಂಘಮಿತ್ರಳ ಕೈಗೆ ಗೋಂದು ಮೆತ್ತಿಕೊಂಡು, ಅದನ್ನು ಒರೆಸಿಕೊಳ್ಳುವುದಕ್ಕೂ ಜನ ಬಿಡಲಿಲ್ಲ. ಬೈದರು, ತಳ್ಳಿದರು. ಒಬ್ಬ ಮುದುಕ ಕಾಲಿಗೆ ಬಿದ್ದ, ಅದಂತೂ ಹೊಡೆತಕ್ಕಿಂತ ಕಷ್ಟವಾಗಿತ್ತು. ಎಲ್ಲರಿಗೂ ವಿಮೆ ಬರುತ್ತದೆ, ಅರ್ಜಿ ಕೊಡಿ, ಅಂತ ಅವಳು ಇಡೀ ದಿನ ಕೂಗಿ ಕೂಗಿ ಹೇಳಿದಳು. ವಾರದೊಳಗೆ ಅವಳ ಕೆಲಸಕ್ಕೆ ಅಮಾನತು. ಗಿರಣಿಯ ಫೈಲು, ಏಳು ಬಾಂಡು, ಎಲ್ಲಕ್ಕೂ ಅವಳದೇ ಸೈನು. ಪೊಲೀಸರು ಹಿಡಿದೊಯ್ದ ಧರ್ಮೇಂದ್ರನಿಗೆ ಮೂರೇ ದಿನದಲ್ಲಿ ಜಾಮೀನು ಸಿಕ್ಕಿತು. ಅವಳು ವಿಚಾರಣೆಗೆ ಮೈಸೂರಿಗೆ ಬಸ್ಸಿನಲ್ಲಿ ಓಡಾಡಿದಳು.

ಮೂರು ತಿಂಗಳಿಗೆ ವಿಮೆಯ ದುಡ್ಡು ಬಂತು. ಮರಮ್ಮನ ಹೆಸರಿಗೆ ಐದು ಲಕ್ಷ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ.

‘ನಿಂದೂ ಸೇರಿಸಿ ಪಾಲು ಹಾಕ್ತೀನವ್ವ’ ಅಂದಳು ಸಂಘಮಿತ್ರ.

‘ನಂದು ಬ್ಯಾಡ. ಮಗ್ಳು ಮಾಡಿದ ಸೈನಿಗೆ ಅವ್ವ ಅಷ್ಟಾರ ಕಟ್ಲಿ’ ಅಂದಳು ಮರಮ್ಮ. ಸಿಟ್ಟಿನಿಂದಲೇ ಅಂದಳು. ಆ ವಾರದಿಂದ ಅವಳು ಮದುವೆ ಛತ್ರದಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು, ಅರವತ್ತೈದರ ಸೊಂಟ ಹಿಡಿದುಕೊಂಡು.

ಹೆಂಗಸರನ್ನು ಮಧ್ಯಾಹ್ನ ಗಂಡಸರು ಇಲ್ಲದ ಹೊತ್ತು ನೋಡಿ ಕರೆದರು. ಇಪ್ಪತ್ತನಾಲ್ಕು ಜನ ಜಗಲಿಯ ಮೇಲೆ ಕೂತರು. ರೂಪಾಯಿಗೆ ಮುಕ್ಕಾಲಿನ ಮೇಲೆ ಒಂದಿಷ್ಟು ಬಿತ್ತು. ಸಂಘಮಿತ್ರ ನೋಟ್ ಬುಕ್ ನೋಡಿ ಹೆಸರು ಕೂಗಿದಳು, ಮರಮ್ಮ ಎಣಿಸಿ ಕೊಟ್ಟಳು. ವೀರಮ್ಮನಿಗೆ ಮೂವತ್ತು ಸಾವಿರ. ವೀರಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಹೋದದ್ದು ಹೋಯ್ತು. ಇಷ್ಟಾರ ನಂದೇ ಅಂತ ಬಂತಲ್ಲ’ ಅಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಸಂಘಮಿತ್ರಳಿಗೆ ಹಗುರವಾಗುತ್ತಿತ್ತು.

ಎಲ್ಲರೂ ಎದ್ದುಹೋದ ಮೇಲೆ ಜಗಲಿಯ ಕೊನೆಯಲ್ಲಿ ಚಿಕ್ಕಸಿದ್ದಮ್ಮ ಕೂತಿರುವುದು ಕಂಡಿತು. ಅವಳು ಯಾವಾಗ ಬಂದಳೋ. ಆ ಶನಿವಾರದ ಮೇಲೆ ಅವಳು ಇವರ ಮನೆಯ ಕಡೆ ತಲೆ ಹಾಕಿರಲಿಲ್ಲ. ಮೈ ಇಳಿದುಹೋಗಿತ್ತು.

‘ಸಿದ್ದವ್ವ, ನಿಂಗೆ ಪೂರ್ತಿ ಬಂತಲ್ಲ? ಎಂಬತ್ನಾಲ್ಕೂ?’ ಅಂತ ಸಂಘಮಿತ್ರ ಪಕ್ಕದಲ್ಲಿ ಕೂತಳು. ಆ ಹದಿನೇಳು ಜನರನ್ನಾದರೂ ಉಳಿಸಿದೆ ಅನ್ನುವುದೊಂದೇ ಈ ಮೂರು ತಿಂಗಳು ಅವಳನ್ನು ನಿಲ್ಲಿಸಿತ್ತು.

‘ಬಂತು ಕಣವ್ವ. ಒಂದು ಪೈಸೆ ಕಮ್ಮಿ ಇಲ್ಲ. ಅವ್ನೇ ಕರ್ಕೊಂಡೋಗಿ, ಪಕ್ದಲ್ಲಿ ನಿಂತ್ಕೊಂಡು, ಹೆಬ್ಬೆಟ್ಟು ಒತ್ತಿಸ್ದ. ಅರ್ಧ ಅವ್ನ ತಮ್ಮನ ಬೋರ್‌ವೆಲ್ಗೆ, ಅರ್ಧ ಒಂದು ಹಳೇ ಬೈಕ್ಗೆ.’

‘ಅನುಶ್ರೀ?’

‘ಸೀಟು ಹೋಯ್ತು. ಗಾರ್ಮೆಂಟ್ಸ್ ವ್ಯಾನ್ ಹತ್ತವಳೆ, ಹುಣಸೂರು ಕಡೆಗೆ.’

ಸಂಘಮಿತ್ರ ನೋಟ್ ಬುಕ್ಕನ್ನು ಮಡಿಲಿಗೆ ಎಳೆದುಕೊಂಡಳು. ಚಿಕ್ಕಸಿದ್ದಮ್ಮ ಕೈ ಚಾಚಿ, ಚಿಕ್ಕಂದಿನಲ್ಲಿ ಬಾಚುತ್ತಿದ್ದ ಹಾಗೆ, ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

‘ಅವತ್ತು ಮೊದ್ಲು ನನ್ನೇ ಯಾಕ್ ಕರ್ದೆ ಮಗಾ?’ ಅಂದಳು.